ಸಾಕುಮೊತೊ ತ್ಸುಗುಓ: ಚಾಂಪಿಯನ್ ಆಗಿ ದೊಡ್ಡವರಾ, ಕೋಚ್ ಆಗಿ ದೊಡ್ಡವರಾ?

ಹೊಳೆದಂಡೆ:
ಕರಾಟೆ ಅಂದ ತಕ್ಷಣ ಪದಕ, ಬೆಲ್ಟ್, ಹಂಚು ಒಡೆಯುವುದು ಇಷ್ಟೇ ಮಾತು ಬರುತ್ತದೆ. ಹೇಳಿಕೊಡುವವರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಅದಕ್ಕೇ ಇದನ್ನು ಶುರು ಮಾಡುತ್ತಿದ್ದೇನೆ.

ಜಪಾನ್‌ನ ಓಕಿನಾವಾ ದ್ವೀಪದ ಸಾಕುಮೊತೊ ತ್ಸುಗುಓ ಹೆಸರು ಕೇಳಿದ್ದೀರಾ? 1984ರಲ್ಲಿ ಮಾಸ್ಟ್ರಿಕ್ಟ್, 1986ರಲ್ಲಿ ಸಿಡ್ನಿ, 1988ರಲ್ಲಿ ಕೈರೊ. ಮೂರೂ ಕಡೆ ಪುರುಷರ ಕಟಾ (ಎದುರಾಳಿ ಇಲ್ಲದೆ ನಿಗದಿತ ಚಲನೆಗಳನ್ನು ಮಾಡಿ ತೋರಿಸುವ ವಿಭಾಗ) ವಿಶ್ವ ಚಾಂಪಿಯನ್ ಅವರೇ. ಆಮೇಲೆ ಕಲಿಸಲು ನಿಂತರು. ಅವರ ಕೈಯಲ್ಲಿ ಬೆಳೆದ ಕಿಯುನಾ ರ್ಯೊ 2014, 2016, 2018, 2021ರಲ್ಲಿ ವಿಶ್ವ ಚಾಂಪಿಯನ್ ಆದರು. 2021ರ ಆಗಸ್ಟ್ 6ರಂದು ಟೋಕಿಯೊ ಒಲಿಂಪಿಕ್ಸ್ ಚಿನ್ನವನ್ನೂ ಗೆದ್ದರು. ಓಕಿನಾವಾದವರಿಗೆ ಸಿಕ್ಕ ಮೊದಲ ಒಲಿಂಪಿಕ್ಸ್ ಚಿನ್ನ ಅದು. ಕರಾಟೆ ಹುಟ್ಟಿದ್ದೇ ಆ ದ್ವೀಪದಲ್ಲಿ.

ನನ್ನ ಮಟ್ಟಿಗೆ ಸಾಕುಮೊತೊ ಅವರ ಎರಡನೇ ಇನಿಂಗ್ಸೇ ದೊಡ್ಡದು. ತಾನು ಗೆಲ್ಲುವುದು ಒಂದು. ತನಗಿಂತ ಜಾಸ್ತಿ ಗೆಲ್ಲುವವನನ್ನು ತಯಾರು ಮಾಡುವುದು ಇನ್ನೊಂದು. ನೀವು ಏನಂತೀರಿ?

ಕುಮಿಟೆ ಹುಡುಗ:
ಒಪ್ಪುವುದಿಲ್ಲ. ಕಿಯುನಾ ಅಂಥ ಹುಡುಗ ಸಿಕ್ಕರೆ ಯಾರು ಕೋಚ್ ಆದರೂ ಚಿನ್ನ ಬರುತ್ತದೆ. ಆ ಕಣ್ಣು, ಆ ಕೂಗು, ಆ ವೇಗ ಹುಟ್ಟಿನಿಂದಲೇ ಬಂದದ್ದು.

ಕಪ್ಪುಪಟ್ಟಿ:
@ಕುಮಿಟೆ ಹುಡುಗ, ಒಬ್ಬನೇ ಬಂದಿದ್ದರೆ ಅದೃಷ್ಟ ಅನ್ನಬಹುದಿತ್ತು. 2016 ಮತ್ತು 2018ರ ತಂಡ ಕಟಾ ವಿಶ್ವ ಚಾಂಪಿಯನ್‌ಷಿಪ್ ನೋಡಿ. ಜಪಾನ್ ತಂಡದಲ್ಲಿ ಕಿಯುನಾ ಜೊತೆ ಇದ್ದವರು ಕಿಂಜೊ ಅರಾತಾ, ಉಎಮುರಾ ತಾಕುಯಾ. ಮೂವರೂ ಓಕಿನಾವಾದವರು, ಮೂವರೂ ಸಾಕುಮೊತೊ ಶಿಷ್ಯರು. ಇಡೀ ಜಪಾನ್ ತಂಡ ಒಬ್ಬ ಗುರುವಿನ ಮನೆಯಿಂದ ಬರುತ್ತದೆ ಅಂದರೆ ಅಲ್ಲಿ ಕಲಿಸುವ ಕ್ರಮದಲ್ಲೇ ಏನೋ ಇದೆ ಅಂತ ಅರ್ಥ.

ನಾನು ಮಕ್ಕಳಿಗೆ ಕಲಿಸುತ್ತೇನೆ. ಒಳ್ಳೇ ಹುಡುಗ ಬರುವುದು ನಮ್ಮ ಕೈಲಿಲ್ಲ, ನಿಜ. ಆದರೆ ಬಂದ ಒಳ್ಳೇ ಹುಡುಗನನ್ನು ಕೆಡಿಸುವುದು ಬಹಳ ಸುಲಭ. 14 ವರ್ಷದ ಹುಡುಗನನ್ನು ಕೈಗೆ ತಗೊಂಡು 31ನೇ ವಯಸ್ಸಿನವರೆಗೂ ಮಂಡಿ, ಸೊಂಟ, ಮನಸ್ಸು ಮೂರನ್ನೂ ಕೆಡದಂತೆ ಇಟ್ಟಿದ್ದಾರಲ್ಲ, ಅದನ್ನು ನೋಡಿ.

ಹೊಳೆದಂಡೆ:
ಇದೇ ನಾನು ಹೇಳಬೇಕು ಅಂದುಕೊಂಡಿದ್ದು.

ಅಜ್ಜಂಪುರ:
ಒಂದು ವಿಷಯ ಎಲ್ಲರೂ ಬಿಟ್ಟುಬಿಟ್ಟಿರಿ. ಸಾಕುಮೊತೊ ಹುಟ್ಟಿದ್ದು 1947ರಲ್ಲಿ. ಮೊದಲ ವಿಶ್ವ ಪ್ರಶಸ್ತಿ ಬಂದಾಗ 35 ದಾಟಿತ್ತು. ಕೈರೊದಲ್ಲಿ ಮೂರನೇದು ಗೆಲ್ಲುವಾಗ 40! ಆ ವಯಸ್ಸಿಗೆ ಬೇರೆ ಆಟಗಳಲ್ಲಿ ಬೀಳ್ಕೊಡುಗೆ ಮುಗಿದು ವರ್ಷಗಳಾಗಿರುತ್ತವೆ. ಅಷ್ಟು ತಡವಾಗಿ ಗೆದ್ದವರಿಗೆ ಹರೆಯದ ಬಲದ ಮೇಲೆ ಗೆಲ್ಲಲು ಆಗುವುದಿಲ್ಲ. ಯಾವ ಚಲನೆ ಯಾಕೆ ಹಾಗೆ ಅಂತ ತಿಳಿದೇ ಗೆಲ್ಲಬೇಕು. ಹಾಗೆ ತಿಳಿದುಕೊಂಡವರಿಗೆ ಮಾತ್ರ ಇನ್ನೊಬ್ಬರಿಗೆ ಹೇಳಿಕೊಡಲು ಬರುತ್ತದೆ. ನನಗಂತೂ ಇಲ್ಲೇ ಗುಟ್ಟು ಇದೆ ಅನ್ನಿಸುತ್ತದೆ.

ಕುಮಿಟೆ ಹುಡುಗ:
ಕಟಾದಲ್ಲಿ 40 ವರ್ಷಕ್ಕೂ ಗೆಲ್ಲಬಹುದು, ಯಾಕೆಂದರೆ ಎದುರಿಗೆ ಹೊಡೆಯುವವನೇ ಇಲ್ಲ. ಗಾಳಿಗೆ ಗುದ್ದುವುದು ಅಷ್ಟೇ. ಇಬ್ಬರು ಎದುರುಬದುರು ನಿಂತು ಆಡುವ ಕುಮಿಟೆಗೆ ಬನ್ನಿ ನೋಡೋಣ. ಅದೇ ಆಗಸ್ಟ್ 6ರಂದು, ಕಿಯುನಾ ಗೆದ್ದ ಅದೇ ನಿಪ್ಪೊನ್ ಬುಡೋಕಾನ್ ಒಳಾಂಗಣದಲ್ಲಿ 75 ಕೆಜಿ ಫೈನಲ್ ಇತ್ತು. ಅಜರ್‌ಬೈಜಾನ್‌ನ ರಫಾಯೆಲ್ ಅಗಾಯೆವ್ ಐದು ಸಲ ವಿಶ್ವ ಚಾಂಪಿಯನ್. ವಯಸ್ಸು 36. ಇಟಲಿಯ ಲುಯಿಜಿ ಬುಸಾ 1–0 ಅಂತರದಲ್ಲಿ ಗೆದ್ದ. ಒಂದೇ ಒಂದು ಪಾಯಿಂಟ್. ಒಬ್ಬರನ್ನೊಬ್ಬರು ವರ್ಷಗಟ್ಟಲೆ ಬಲ್ಲವರು, ಒಬ್ಬರೂ ಬಾಗಿಲು ತೆರೆಯಲಿಲ್ಲ. ಅದು ಆಟ.

ನಂದಿಬೆಟ್ಟ:
ಗಾಳಿಗೆ ಗುದ್ದುವುದು ಅನ್ನುವವರು ಒಂದು ಸಲ ಕನ್ನಡಿ ಮುಂದೆ ಕುದುರೆ ಸವಾರಿ ನಿಲುವಿನಲ್ಲಿ ಎರಡು ನಿಮಿಷ ನಿಂತು ನೋಡಲಿ.

ಲೆಕ್ಕದ ಮೇಷ್ಟ್ರು:
ಗಾಳಿಗೆ ಗುದ್ದುವುದಕ್ಕೂ ಲೆಕ್ಕ ಇದೆ. ಮೊದಲು ಐದು ಜನ ತೀರ್ಪುಗಾರರು ಕೆಂಪು ಅಥವಾ ನೀಲಿ ಬಾವುಟ ಎತ್ತುತ್ತಿದ್ದರು. 2019ರಿಂದ ಅಂಕ ಬಂತು. ಟೋಕಿಯೊದಲ್ಲಿ ಏಳು ಜನ ಅಂಕ ಕೊಟ್ಟರು. ತಾಂತ್ರಿಕತೆಗೆ 70 ಭಾಗ, ದೇಹಶಕ್ತಿಗೆ 30 ಭಾಗ. ಅತಿ ಹೆಚ್ಚಿನ ಎರಡು, ಅತಿ ಕಡಿಮೆಯ ಎರಡು ಬಿಟ್ಟು ಉಳಿದ ಮೂರನ್ನು ಕೂಡಿದರು. ಒಬ್ಬೊಬ್ಬರದು 10ಕ್ಕೆ, ಅಂದರೆ ಒಟ್ಟು 30ಕ್ಕೆ. ಫೈನಲ್‌ನಲ್ಲಿ ಕಿಯುನಾಗೆ 28.72, ಸ್ಪೇನ್‌ನ ಡಾಮಿಯನ್ ಕ್ವಿಂಟೆರೊಗೆ 27.66. ಒಂದು ಅಂಕಕ್ಕಿಂತ ಜಾಸ್ತಿ ಅಂತರ. ಹಿಂದಿನ ದಿನ ಮಹಿಳೆಯರ ಫೈನಲ್‌ನಲ್ಲಿ ಸ್ಪೇನ್‌ನ ಸಾಂಡ್ರಾ ಸಾಂಚೆಜ್ 28.06, ಜಪಾನ್‌ನ ಶಿಮಿಜು ಕಿಯೊ 27.88. ಅಲ್ಲಿ ಅಂತರ 0.18 ಮಾತ್ರ. ಈ ಎರಡನ್ನು ಪಕ್ಕದಲ್ಲಿಟ್ಟು ನೋಡಿದರೆ ಕಿಯುನಾ ಎಷ್ಟು ದೂರ ಇದ್ದ ಅಂತ ಗೊತ್ತಾಗುತ್ತದೆ.

ಕ್ವಿಂಟೆರೊ ಕಡಿಮೆ ಆಳಲ್ಲ. ಓದಿದ್ದು ವಿಮಾನ ಎಂಜಿನಿಯರಿಂಗ್. ಕಿಯುನಾ ಎದುರು 2016ರಲ್ಲಿ ಲಿಂಜ್‌ನಲ್ಲಿ ಫೈನಲ್ ಸೋತ, 2018ರಲ್ಲಿ ತನ್ನದೇ ದೇಶದ ಜನ ಕೂತಿದ್ದ ಮ್ಯಾಡ್ರಿಡ್‌ನಲ್ಲಿ ಸೋತ, ಆಮೇಲೆ ಟೋಕಿಯೊ, ಆಮೇಲೆ ದುಬೈ. ಆದರೂ ಪ್ರತಿ ಸಲ ಫೈನಲ್‌ಗೆ ಬಂದ. ಅವನ ಬಗ್ಗೆ ನನಗೆ ತುಂಬಾ ಗೌರವ.

ಬನಶಂಕರಿ ಅಮ್ಮ:
ನನ್ನ ಮಗಳು ಕಟಾ ಮಾಡುತ್ತಾಳೆ, ಅದಕ್ಕೆ ಕೇಳುತ್ತಿದ್ದೇನೆ. ಕಿಯುನಾ ವಿಡಿಯೊ ನೋಡಿದರೆ ಚೆನ್ನಾಗಿದೆ ಅನ್ನಿಸುತ್ತದೆ, ಆದರೆ ಬೇರೆಯವರಿಗಿಂತ ಯಾಕೆ ಚೆನ್ನಾಗಿದೆ ಅಂತ ಗೊತ್ತಾಗುವುದಿಲ್ಲ. ಏನು ನೋಡಬೇಕು?

ಕಪ್ಪುಪಟ್ಟಿ:
ಒಳ್ಳೇ ಪ್ರಶ್ನೆ. ಕೈ ನೋಡಬೇಡಿ. ಮೊದಲು ತಲೆ ನೋಡಿ. ಒಂದು ನಿಲುವಿನಿಂದ ಇನ್ನೊಂದಕ್ಕೆ ಹೋಗುವಾಗ ಎಲ್ಲರ ತಲೆಯೂ ಸ್ವಲ್ಪ ಮೇಲೆದ್ದು ಇಳಿಯುತ್ತದೆ. ಅವನದು ಏಳುವುದಿಲ್ಲ. ನೆತ್ತಿಯ ಮೇಲೆ ಹಲಗೆ ಇಟ್ಟು ಹಿಡಿದಂತೆ ಅದೇ ಎತ್ತರದಲ್ಲಿ ಜಾರುತ್ತದೆ. ಅಂದರೆ ಮಂಡಿ ಮತ್ತು ಸೊಂಟ ಪೂರ್ತಿ ಹತೋಟಿಯಲ್ಲಿವೆ.

ಎರಡನೇದು ಕಣ್ಣು. ತಿರುಗುವ ಮೊದಲು ಕಣ್ಣು ಆ ಕಡೆ ಹೋಗುತ್ತದೆ, ಆಮೇಲೆ ತಲೆ, ಆಮೇಲೆ ಸೊಂಟ, ಕೈ ಕೊನೆಗೆ. ನಮ್ಮ ಮಕ್ಕಳು ಕೈಯನ್ನು ಮೊದಲು ಎಸೆಯುತ್ತಾರೆ.

ಮೂರನೇದು ನಿಲ್ಲುವುದು. ಅಷ್ಟು ವೇಗದಲ್ಲಿ ಬಂದ ಗುದ್ದು ಒಂದು ಕಡೆ ನಿಂತುಬಿಡುತ್ತದೆ. ಬಟ್ಟೆ ಪಟಾರ್ ಅನ್ನುತ್ತದೆ, ಮೈ ಅಲ್ಲಾಡುವುದಿಲ್ಲ. ವೇಗ ಬಹಳ ಜನರಿಗೆ ಇದೆ. ಬ್ರೇಕ್ ಇರುವವರು ಕಡಿಮೆ. ವಿಡಿಯೊವನ್ನು ಅರ್ಧ ವೇಗದಲ್ಲಿ ಇಟ್ಟು ನೋಡಿ, ಇದೆಲ್ಲ ಸ್ಪಷ್ಟ ಕಾಣುತ್ತದೆ.

ಬನಶಂಕರಿ ಅಮ್ಮ:
ಈಗಷ್ಟೇ ನೋಡಿದೆವು. ಮಗಳೂ ಪಕ್ಕದಲ್ಲಿ ಕೂತಿದ್ದಳು. ತಲೆ ಏಳುವುದೇ ಇಲ್ಲ! ತುಂಬಾ ಥ್ಯಾಂಕ್ಸ್.

ಕುಂದಾಪ್ರ ಕಡಲು:
ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಕಿಯುನಾ ಓಕಿನಾವಾದ ರ್ಯೂಕ್ಯು ನೃತ್ಯವನ್ನೂ ಕಲಿತವನು. ಆ ನೃತ್ಯದಲ್ಲಿ ಸೊಂಟ ಇಳಿಸಿ, ಪಾದ ನೆಲಕ್ಕೆ ತಾಗಿಸಿಕೊಂಡೇ ಸರಿಯುತ್ತಾರೆ. ಯಕ್ಷಗಾನದಲ್ಲಿ ನಮ್ಮ ಗುರುಗಳು ಮೊದಲ ಮಳೆಗಾಲ ಪೂರ್ತಿ ಬರೀ ಹೆಜ್ಜೆ ಹಾಕಿಸಿದ್ದರು. ಮುಖವರ್ಣಿಕೆ, ಮಾತು, ಕಿರೀಟ ಯಾವುದೂ ಇಲ್ಲ. ಕಾಲು ಸರಿಯಾಗದೆ ಕೈಗೆ ಬರಬೇಡ ಅನ್ನುತ್ತಿದ್ದರು. ಕರಾಟೆ ಕೋಚ್ ಒಬ್ಬರ ಶಿಷ್ಯ ಊರಿನ ನೃತ್ಯವನ್ನೂ ಮೈಗೆ ಹತ್ತಿಸಿಕೊಂಡಿದ್ದಾನೆ ಅಂದಾಗ ನನಗೆ ಅದು ಪೂರ್ತಿ ಅರ್ಥವಾಯಿತು.

ಕುಮಿಟೆ ಹುಡುಗ:
ಅಲ್ಲಿಗೆ ನೀವೇ ಒಪ್ಪಿದಿರಿ, ಕಟಾ ಅಂದರೆ ನೃತ್ಯ ಅಂತ.

ಕುಂದಾಪ್ರ ಕಡಲು:
ಹೆಜ್ಜೆಯ ಬುಡ ಒಂದೇ ಅಂದೆ. ಎರಡೂ ಒಂದೇ ಅನ್ನಲಿಲ್ಲ. ಸರಿಯಾಗಿ ಓದಿ.

ಯೊಕೊಹಾಮಾ ಕನ್ನಡಿಗ:
ಜಪಾನ್‌ನಲ್ಲಿದ್ದೇನೆ, ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ಈ ಕಥೆಯಲ್ಲಿ ಮೂರನೇ ಒಬ್ಬರಿದ್ದಾರೆ. ಅವರಿಲ್ಲದೆ ಸಾಕುಮೊತೊ ಇಲ್ಲ. ನಾಕಾಇಮಾ ಕೆಂಕೊ.

ಸಾಕುಮೊತೊ ಅವರ ಪರಂಪರೆಯ ಹೆಸರು ರ್ಯೂಎಯ್-ರ್ಯೂ. ಇದು ನಾಕಾಇಮಾ ಮನೆತನದ ವಿದ್ಯೆ. ಆ ಮನೆಯ ನಾಕಾಇಮಾ ನೊರಿಸಾತೊ ಅನ್ನುವವರು 19ನೇ ಶತಮಾನದಲ್ಲಿ ಚೀನಾದ ಫೂಜೌಗೆ ಹೋಗಿ ಕಲಿತು ಬಂದರು. ಆಮೇಲೆ ಬಹಳ ಕಾಲ ಅದು ಮನೆಯ ಗೋಡೆ ದಾಟಲಿಲ್ಲ. ಅಪ್ಪ ಮಗನಿಗೆ ಹೇಳಿಕೊಡುವುದು, ಅಷ್ಟೇ. 1970ರ ದಶಕದಲ್ಲಿ ಕೆಂಕೊ ಅದನ್ನು ಹೊರಗಿನವರಿಗೆ ತೆರೆದರು. ಹಾಗೆ ಒಳಗೆ ಬಂದ ಹೊರಗಿನವರಲ್ಲಿ ಒಬ್ಬರು ಸಾಕುಮೊತೊ.

ಮುಂದೆ ಆಗಿದ್ದು ನೋಡಿ. ಆ ಮನೆಯ ಅನಾನ್ ಅನ್ನುವ ಕಟಾವನ್ನು ಸಾಕುಮೊತೊ ವಿಶ್ವ ವೇದಿಕೆಗೆ ತಂದು ಗೆದ್ದರು. ಇವತ್ತು ಯಾವ ದೇಶದ ಟೂರ್ನಿಗೆ ಹೋದರೂ ಯಾರಾದರೂ ಒಬ್ಬರು ಅನಾನ್ ಮಾಡುತ್ತಿರುತ್ತಾರೆ. ಒಲಿಂಪಿಕ್ಸ್ ಫೈನಲ್‌ನಲ್ಲಿ ಕಿಯುನಾ ಮಾಡಿದ ಓಹಾನ್ ದಾಯ್ ಕೂಡ ಅದೇ ಮನೆಯದು. ಕೆಂಕೊ ಬಾಗಿಲು ತೆರೆಯದೇ ಇದ್ದಿದ್ದರೆ ಇದ್ಯಾವುದೂ ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ.

ಅಜ್ಜಂಪುರ:
ಎಂಥ ಮಾಹಿತಿ! ಬಾಗಿಲು ತೆರೆದವರು ಒಬ್ಬರು, ಜಗತ್ತಿಗೆ ತೋರಿಸಿದವರು ಒಬ್ಬರು, ಚಿನ್ನ ತಂದವನು ಒಬ್ಬ. ಹಾಗಾದರೆ ಹೊಳೆದಂಡೆ ಅವರೇ, ನಿಮ್ಮ ಪ್ರಶ್ನೆಗೆ ಮೂರನೇ ಉತ್ತರ ಬಂತು.

ಹೊಳೆದಂಡೆ:
ಬರಲಿ, ಚರ್ಚೆ ಇರುವುದೇ ಅದಕ್ಕೆ. ಆದರೂ ನನ್ನ ಮಾತು ಬಿಡುವುದಿಲ್ಲ. ಕೆಂಕೊ ತೆರೆದ ಬಾಗಿಲಲ್ಲಿ ಬೇರೆಯವರೂ ಬಂದಿರುತ್ತಾರೆ. ಕಲಿತದ್ದನ್ನು ಎರಡು ಸಲ, ಒಮ್ಮೆ ತನ್ನ ಮೈಯಲ್ಲಿ, ಇನ್ನೊಮ್ಮೆ ಬೇರೆಯವರ ಮೈಯಲ್ಲಿ ಗೆದ್ದು ತೋರಿಸಿದವರು ಸಾಕುಮೊತೊ.

ದಾವಣಗೆರೆ ಬೆಣ್ಣೆ:
ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. ಅವರು ಮಾಸ್ಟ್ರಿಕ್ಟ್, ಸಿಡ್ನಿ, ಕೈರೊ ಅಂತ ಗೆಲ್ಲುತ್ತಿದ್ದ ಅದೇ ವರ್ಷಗಳಲ್ಲಿ ನಮಗೆ ಕರಾಟೆ ಅಂದರೆ ಒಂದೇ ಹೆಸರು. ಶಂಕರ್ ನಾಗ್. ಕರಾಟೆ ಕಿಂಗ್ ಅಂತ ಗೋಡೆ ಗೋಡೆ ಮೇಲೆ ಬರೆದಿರುತ್ತಿದ್ದರು. ನಮ್ಮ ಬೀದಿಯಲ್ಲಿ ಕರಾಟೆ ಕ್ಲಾಸ್ ಶುರುವಾಗಿದ್ದೇ ಆ ಹವಾದಲ್ಲಿ. ಸೈಕಲ್ ಶಾಪ್ ಹಿಂದಿನ ಖಾಲಿ ಜಾಗದಲ್ಲಿ 50–60 ಹುಡುಗರು ಸೇರುತ್ತಿದ್ದರು. 1990ರ ಸೆಪ್ಟೆಂಬರ್ 30ರಂದು ನಮ್ಮ ಊರ ಹತ್ತಿರದ ಆನಗೋಡಿನಲ್ಲೇ ಅಪಘಾತ ಆಯಿತು. ಆ ವಾರ ಕ್ಲಾಸಿಗೆ ಒಬ್ಬರೂ ಬರಲಿಲ್ಲ.

ನಂದಿಬೆಟ್ಟ:
ಆಟೊ ಹಿಂದೆ ಇವತ್ತಿಗೂ ಅವರ ಫೋಟೊ ಇದೆ. ನಮ್ಮ ಅಪ್ಪ ಕರಾಟೆ ಸೇರಿದ್ದೂ ಅವರನ್ನು ನೋಡಿಯೇ.

ಕಪ್ಪುಪಟ್ಟಿ:
ನಮ್ಮ ಮೊದಲ ತಲೆಮಾರಿನ ಕೋಚ್‌ಗಳಲ್ಲಿ ಬಹಳ ಜನ ಆ ಹವಾದಲ್ಲಿ ಬಂದವರೇ. ಒಳ್ಳೆಯದೂ ಆಯಿತು, ಕೆಟ್ಟದ್ದೂ ಆಯಿತು. ಒಳ್ಳೆಯದು ಏನೆಂದರೆ ಹಳ್ಳಿ ಹಳ್ಳಿಗೂ ಕರಾಟೆ ಹೋಯಿತು. ಕೆಟ್ಟದ್ದು, ಹಂಚು ಒಡೆಯುವುದು, ಬೈಕ್ ಕೈ ಮೇಲೆ ಹತ್ತಿಸುವುದೇ ಕರಾಟೆ ಅಂತಾಯಿತು. ಅದನ್ನು ಮಕ್ಕಳ ಕೈಲಿ ಮಾಡಿಸುವವರು ಈಗಲೂ ಇದ್ದಾರೆ. ನೋಡಿದರೆ ಮೈ ಉರಿಯುತ್ತದೆ.

ಬನಶಂಕರಿ ಅಮ್ಮ:
ಈ ವಿಷಯ ಬಂತು ಅಂತ ಹೇಳುತ್ತೇನೆ. ಮಗಳನ್ನು ಮೊದಲು ಸೇರಿಸಿದ್ದ ಕಡೆ ಮೂರು ತಿಂಗಳಿಗೊಂದು ಬೆಲ್ಟ್ ಪರೀಕ್ಷೆ. ಪ್ರತಿ ಸಲ ಫೀಸು, ಸರ್ಟಿಫಿಕೇಟಿಗೆ ಬೇರೆ, ಬೆಲ್ಟಿಗೆ ಬೇರೆ. ಒಂದು ಸಲವೂ ಯಾರೂ ಫೇಲ್ ಆಗಲಿಲ್ಲ. ಕಲಿಸುವವರು ತಾವು ಗೆದ್ದ ಕಪ್‌ಗಳನ್ನು ಗಾಜಿನ ಕಪಾಟಿನಲ್ಲಿ ಸಾಲಾಗಿ ಇಟ್ಟಿದ್ದರು. ನಾವು ಅದನ್ನು ನೋಡಿಯೇ ಸೇರಿಸಿದ್ದು. ಕ್ಲಾಸಿನಲ್ಲಿ ಮಾತ್ರ ಅವರು ಫೋನ್ ನೋಡುತ್ತಾ ಕೂರುತ್ತಿದ್ದರು, ದೊಡ್ಡ ಹುಡುಗರು ಚಿಕ್ಕವರಿಗೆ ಲೆಕ್ಕ ಹೇಳುತ್ತಿದ್ದರು. ಗೆದ್ದವರೆಲ್ಲ ಕಲಿಸುವವರಲ್ಲ ಅನ್ನುವುದು ನನಗೆ ಅಲ್ಲಿ ತಿಳಿಯಿತು. ಈಗ ಬೇರೆ ಕ್ಲಾಸ್ ಹುಡುಕುತ್ತಿದ್ದೇವೆ.

ಮಲೆನಾಡ ಮಳೆ:
ನಮ್ಮ ಕಡೆಯೂ ಇದೇ ಕಥೆ. ಎರಡೂವರೆ ವರ್ಷಕ್ಕೆ ಕಪ್ಪು ಬೆಲ್ಟ್ ಕೊಟ್ಟರು ಒಬ್ಬ ಹುಡುಗನಿಗೆ. ಅವನಿಗೆ ಸರಿಯಾಗಿ ಬೀಳುವುದಕ್ಕೂ ಬರುವುದಿಲ್ಲ.

ವಸತಿ ಶಾಲೆ ಹಳೇ ವಿದ್ಯಾರ್ಥಿನಿ:
ಎಲ್ಲಾ ಕಡೆಯೂ ಹಾಗಿಲ್ಲ ಅಂತ ಹೇಳಬೇಕು. ನಮ್ಮ ವಸತಿ ಶಾಲೆಯಲ್ಲಿ ಓಬವ್ವನ ಹೆಸರಿನ ಆತ್ಮರಕ್ಷಣೆ ತರಬೇತಿ ಬಂದಿತ್ತು. ಕಲಿಸಿದ ಮೇಡಂ ಯಾವ ದೊಡ್ಡ ಟೂರ್ನಿಯನ್ನೂ ಗೆದ್ದವರಲ್ಲ. ಆದರೆ ಪ್ರತಿಯೊಬ್ಬಳ ಹತ್ತಿರ ಬಂದು ಮುಷ್ಟಿ ಬಿಡಿಸಿ, ಹೆಬ್ಬೆರಳು ಎಲ್ಲಿ ಇಡಬೇಕು ಅಂತ ತೋರಿಸುತ್ತಿದ್ದರು. ಹೆಬ್ಬೆರಳು ಒಳಗೆ ಮಡಚಿ ಗುದ್ದಿದರೆ ಮುರಿಯುವುದು ನಿನ್ನದೇ ಬೆರಳು ಅನ್ನುತ್ತಿದ್ದರು. ಜೋರಾಗಿ ಕೂಗುವುದಕ್ಕೆ ಒಂದು ವಾರ ಹಿಡಿಯಿತು ನಮಗೆ, ನಾಚಿಕೆ. ಅವರು ಬಿಡಲಿಲ್ಲ. ನನಗೆ ಅವರೇ ಚಾಂಪಿಯನ್.

ಹೊಳೆದಂಡೆ:
ನಿಮ್ಮ ಈ ಮಾತಿಗೆ ನೂರು ಲೈಕ್ ಒತ್ತಬೇಕು.

ಕುಮಿಟೆ ಹುಡುಗ:
ಸರಿ, ನನ್ನ ವಾದಕ್ಕೆ ಬರುತ್ತೇನೆ. ಚಾಂಪಿಯನ್ ಆಗದೆಯೂ ಒಳ್ಳೇ ಕೋಚ್ ಆಗಬಹುದು ಅಂತ ನೀವೇ ಹೇಳುತ್ತಿದ್ದೀರಿ. ಸಾಂಡ್ರಾ ಸಾಂಚೆಜ್ ಕೋಚ್ ಹೆಸುಸ್ ದೆಲ್ ಮೊರಾಲ್. ಆತ ಲೋಕಕ್ಕೆ ಗೊತ್ತಾಗಿದ್ದೇ ಕೋಚ್ ಆಗಿ. ಜಪಾನ್‌ನ ತೊತ್ತೊರಿಯ ಇನೊಉಎ ಯೊಶಿಮಿ ಕೂಡ ಹಾಗೇ. ಅವರ ಹತ್ತಿರ ಕಲಿತ ಉಸಾಮಿ ರಿಕಾ 2012ರಲ್ಲಿ ಪ್ಯಾರಿಸ್‌ನಲ್ಲಿ ವಿಶ್ವ ಚಾಂಪಿಯನ್. ವೆನೆಜುವೆಲಾದ ಆಂಟೊನಿಯೊ ದಿಯಾಸ್ 2010 ಮತ್ತು 2012ರ ವಿಶ್ವ ಚಾಂಪಿಯನ್, ಅವರೂ ಅಲ್ಲಿಗೆ ಹೋಗಿ ಕಲಿತವರು. ಹಾಗಾದರೆ ಸಾಕುಮೊತೊ ಗೆದ್ದ ಮೂರು ಚಿನ್ನಕ್ಕೂ ಕೋಚ್ ಕೆಲಸಕ್ಕೂ ಏನು ಸಂಬಂಧ?

ಕಪ್ಪುಪಟ್ಟಿ:
ಇದು ಸರಿಯಾದ ಪ್ರಶ್ನೆ. ಸಂಬಂಧ ಇದೆ, ಆದರೆ ನೀವು ಹುಡುಕುವ ಕಡೆ ಇಲ್ಲ.

ಕುಮಿಟೆಯಲ್ಲಿ ಕೋಚ್ ಮ್ಯಾಟ್ ಪಕ್ಕ ಕುರ್ಚಿಯಲ್ಲಿ ಕೂರುತ್ತಾನೆ. ಪಾಯಿಂಟ್ ಕೊಡಲಿಲ್ಲ ಅನ್ನಿಸಿದರೆ ವಿಡಿಯೊ ಮರುಪರಿಶೀಲನೆ ಕೇಳಬಹುದು. ಆಟದ ನಡುವೆ ಅವನಿಗೂ ಕೆಲಸ ಇದೆ. ಕಟಾದಲ್ಲಿ ಹಾಗಿಲ್ಲ. ಹುಡುಗ ಕಟಾದ ಹೆಸರು ಕೂಗಿದ ಮೇಲೆ ಕೋಚ್ ಕೈಲಿ ಏನೂ ಇಲ್ಲ. ಎಲ್ಲ ಕೆಲಸ ಅದಕ್ಕೆ ಮೊದಲೇ ಮುಗಿದಿರಬೇಕು. ಆ ಮ್ಯಾಟ್ ಮೇಲೆ ಒಬ್ಬನೇ ನಿಂತಾಗ ಬಾಯಿ ಹೇಗೆ ಒಣಗುತ್ತದೆ, ಕಾಲು ಹೇಗೆ ಹಗುರವಾಗಿ ತೇಲುತ್ತದೆ ಅನ್ನುವುದು ನಿಂತವರಿಗೆ ಮಾತ್ರ ಗೊತ್ತು. ಸಾಕುಮೊತೊ ನಿಂತಿದ್ದಾರೆ. ಹಾಗಾಗಿ ಅಭ್ಯಾಸದಲ್ಲೇ ಅದಕ್ಕೆ ತಯಾರು ಮಾಡಬಲ್ಲರು. ವರ್ಷದ 365 ದಿನವೂ ಅಭ್ಯಾಸ ಅಂತ ಕಿಯುನಾ ಬಗ್ಗೆ ಹೇಳುತ್ತಾರಲ್ಲ, ಅದು ಹೆದರಿಸಿ ಮಾಡಿಸಿದ್ದಾದರೆ ಅಷ್ಟು ವರ್ಷ ನಡೆಯುವುದಿಲ್ಲ. ಗುರುವೂ ಪಕ್ಕದಲ್ಲಿ ಇದ್ದರೆ ಮಾತ್ರ ನಡೆಯುತ್ತದೆ.

ಮಂಡಿ ವೈದ್ಯೆ:
365 ದಿನ ಅನ್ನುವುದನ್ನು ದಯವಿಟ್ಟು ಮಕ್ಕಳಿಗೆ ಹೇಳಬೇಡಿ. ಬೆಳೆಯುವ ವಯಸ್ಸಿನ ಮಂಡಿಗೆ ಬಿಡುವು ಬೇಕೇ ಬೇಕು. ನನ್ನ ಹತ್ತಿರ ಬರುವ ಕರಾಟೆ ಮಕ್ಕಳಲ್ಲಿ ಬಹುಪಾಲು ಒಂದೇ ದೂರು, ಮಂಡಿಚಿಪ್ಪಿನ ಕೆಳಗೆ ನೋವು. ಕಪ್ಪೆ ಜಿಗಿತ, ಬಾತುಕೋಳಿ ನಡಿಗೆ ಶಿಕ್ಷೆಯಾಗಿ ಮಾಡಿಸುತ್ತಾರೆ. ಅಗಲ ನಿಲುವಿನಲ್ಲಿ ಮಂಡಿ ಒಳಗೆ ಬಾಗಿದರೂ ತಿದ್ದುವುದಿಲ್ಲ. ಮಂಡಿ ಯಾವಾಗಲೂ ಕಾಲ್ಬೆರಳು ನೋಡುವ ದಿಕ್ಕಿನಲ್ಲೇ ಬಾಗಬೇಕು. ಇದೊಂದು ನೋಡಿಕೊಂಡರೆ ಅರ್ಧ ತೊಂದರೆ ಬರುವುದೇ ಇಲ್ಲ.

ಕಪ್ಪುಪಟ್ಟಿ:
ಪೂರ್ತಿ ಒಪ್ಪುತ್ತೇನೆ ಡಾಕ್ಟ್ರೇ. ದೊಡ್ಡವರಾದ ಮೇಲೆ ತಾವೇ ಆರಿಸಿಕೊಂಡ ಶಿಸ್ತು ಬೇರೆ, ಎಂಟು ವರ್ಷದ ಮಗುವಿನ ಮೇಲೆ ಹೇರುವುದು ಬೇರೆ.

ಯೊಕೊಹಾಮಾ ಕನ್ನಡಿಗ:
ಹೆದರಿಸಿ ಮಾಡಿಸುವ ಮಾತು ಬಂತು. ಜಪಾನ್‌ನಲ್ಲಿ ಎಲ್ಲ ಸರಿಯಿದೆ ಅಂತ ತಿಳಿಯಬೇಡಿ. 2021ರಲ್ಲಿ, ಒಲಿಂಪಿಕ್ಸ್‌ಗೆ ಕೆಲವೇ ತಿಂಗಳಿದ್ದಾಗ, ಕುಮಿಟೆಯ ಉಎಕುಸಾ ಅಯುಮಿ ಒಂದು ದೂರು ಕೊಟ್ಟರು. ಅಭ್ಯಾಸದಲ್ಲಿ ಬಿದಿರಿನ ಕತ್ತಿ ಬಳಸಿದ್ದರಿಂದ ಕಣ್ಣಿಗೆ ಪೆಟ್ಟಾಯಿತು ಅಂತ. ಅಷ್ಟು ದೊಡ್ಡ ಆಟಗಾರ್ತಿ, ಮಾಜಿ ವಿಶ್ವ ಚಾಂಪಿಯನ್, ತನ್ನ ಕೋಚ್ ವಿರುದ್ಧ ಬಾಯಿ ಬಿಡುವುದು ಇಲ್ಲಿ ಎಷ್ಟು ಕಷ್ಟ ಅಂತ ಇಲ್ಲಿದ್ದವರಿಗೆ ಗೊತ್ತು. ಕೊನೆಗೆ ಆ ಕೋಚ್ ಹುದ್ದೆ ಬಿಡಬೇಕಾಯಿತು. ಅವರೂ ಒಂದು ಕಾಲದ ಹೆಸರಾಂತ ಆಟಗಾರರೇ.

ಬನಶಂಕರಿ ಅಮ್ಮ:
ಓದಿ ಹೊಟ್ಟೆ ಹಿಂಡಿದ ಹಾಗಾಯಿತು. ಆಕೆ ಒಲಿಂಪಿಕ್ಸ್ ಆಡಿದರಾ?

ಯೊಕೊಹಾಮಾ ಕನ್ನಡಿಗ:
ಆಡಿದರು. 61 ಕೆಜಿ ಮೇಲಿನ ವಿಭಾಗದಲ್ಲಿ. ಪದಕ ಬರಲಿಲ್ಲ. ಆದರೆ ಆಡಿದರು.

ಮಲೆನಾಡ ಮಳೆ:
ಪದಕಕ್ಕಿಂತ ಅದು ದೊಡ್ಡದು.

ಲೆಕ್ಕದ ಮೇಷ್ಟ್ರು:
ಟೋಕಿಯೊ ಕುಮಿಟೆ ಬಗ್ಗೆ ಮಾತು ಬಂದರೆ ಆಗಸ್ಟ್ 7ರ ಫೈನಲ್ ಮರೆಯಲಾಗದು. ಸೌದಿಯ ತಾರೆಗ್ ಹಾಮೆದಿ 4–1ರಲ್ಲಿ ಮುಂದಿದ್ದ. ಇರಾನ್‌ನ ಸಜಾದ್ ಗಂಜ್‌ಜಾದೆಗೆ ಕತ್ತಿನ ಹತ್ತಿರ ಒದ್ದ, ಆತ ಪ್ರಜ್ಞೆ ತಪ್ಪಿ ಬಿದ್ದ. ಒದೆತ ಮಿತಿ ಮೀರಿದ್ದು ಅಂತ ಹಾಮೆದಿಯನ್ನು ಅನರ್ಹ ಮಾಡಿದರು. ಗಂಜ್‌ಜಾದೆಗೆ ಎಚ್ಚರವಾದ ಮೇಲೆ ಚಿನ್ನ ತನ್ನದು ಅಂತ ಗೊತ್ತಾಯಿತು.

ಕುಮಿಟೆ ಹುಡುಗ:
ಆ ತೀರ್ಪನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ. ಒದೆತ ಸರಿಯಾಗೇ ಇತ್ತು.

ಕಪ್ಪುಪಟ್ಟಿ:
ನಿಯಮದಲ್ಲಿ ಹತೋಟಿ ಅನ್ನುವುದು ಮೊದಲ ಮಾತು. ಎದುರಾಳಿ ಎಚ್ಚರ ತಪ್ಪಿ ಬಿದ್ದ ಮೇಲೆ ಹತೋಟಿ ಇತ್ತು ಅಂತ ಹೇಗೆ ಹೇಳುತ್ತೀರಿ? ಇದನ್ನೇ ನಾನು ಮಕ್ಕಳಿಗೆ ಮೊದಲ ದಿನ ಹೇಳುವುದು. ಬೇಕಾದರೆ ಇದಕ್ಕೆ ಬೇರೆ ಚರ್ಚೆ ತೆರೆಯಿರಿ, ಇಲ್ಲಿ ಬೇಡ.

ನಂದಿಬೆಟ್ಟ:
ಇಷ್ಟೆಲ್ಲ ಆದ ಮೇಲೂ ಕರಾಟೆಯನ್ನು ಒಲಿಂಪಿಕ್ಸ್‌ನಿಂದ ತೆಗೆದರಲ್ಲ. 2024ರ ಪ್ಯಾರಿಸ್‌ನಲ್ಲಿ ಇರಲಿಲ್ಲ, 2028ರ ಲಾಸ್ ಏಂಜಲೀಸ್ ಪಟ್ಟಿಯಲ್ಲೂ ಇಲ್ಲ. ಹಾಗಾದರೆ ಈಗಿನ ಮಕ್ಕಳಿಗೆ ಗುರಿ ಏನು?

ಅಜ್ಜಂಪುರ:
ಸಾಕುಮೊತೊ ಮೂರು ಸಲ ಗೆದ್ದಾಗ ಒಲಿಂಪಿಕ್ಸ್‌ನಲ್ಲಿ ಕರಾಟೆ ಇತ್ತಾ? ಇರಲಿಲ್ಲ. ಅವರಿಗೆ ಕಲಿಸಿದ ಕೆಂಕೊಗೆ ಒಲಿಂಪಿಕ್ಸ್ ಕನಸೂ ಇದ್ದಿರಲಿಕ್ಕಿಲ್ಲ. ಆದರೂ ಕಲಿಸಿದರು.

ನಂದಿಬೆಟ್ಟ:
ಅದು ಸರಿ, ಆದರೆ ಸರ್ಕಾರದ ದುಡ್ಡು, ಕೋಚ್‌ಗಳ ಸಂಬಳ, ಕೆಲಸದಲ್ಲಿ ಮೀಸಲು ಎಲ್ಲವೂ ಒಲಿಂಪಿಕ್ಸ್ ನೋಡಿಯೇ ಬರುವುದು. ನಮ್ಮಲ್ಲಂತೂ 2020ರಲ್ಲಿ ರಾಷ್ಟ್ರೀಯ ಸಂಸ್ಥೆಯ ಮಾನ್ಯತೆಯೇ ಹೋಗಿ ದೊಡ್ಡ ಗಲಾಟೆ ಆಗಿತ್ತು. ಜಗಳ ಆಡಿದವರು ದೊಡ್ಡವರು, ನಷ್ಟ ಆಗಿದ್ದು ಮಕ್ಕಳಿಗೆ. ಯಾವ ಸರ್ಟಿಫಿಕೇಟ್ ಎಲ್ಲಿ ನಡೆಯುತ್ತದೆ ಅಂತ ಇವತ್ತಿಗೂ ಪೋಷಕರಿಗೆ ಗೊತ್ತಾಗುವುದಿಲ್ಲ.

ಮಲೆನಾಡ ಮಳೆ:
ಇದು ನಿಜವಾದ ಸಮಸ್ಯೆ. ಓಕಿನಾವಾ ಹೇಗೆ ನಡೆಸುತ್ತಿದೆ ನೋಡಿ. ಪ್ರತಿ ವರ್ಷ ಅಕ್ಟೋಬರ್ 25 ಅವರಿಗೆ ಕರಾಟೆ ದಿನ. 2017ರಲ್ಲಿ ತೊಮಿಗುಸುಕುನಲ್ಲಿ ಕರಾಟೆಗೆಂದೇ ಒಂದು ದೊಡ್ಡ ಭವನ ಕಟ್ಟಿದ್ದಾರೆ. ಒಲಿಂಪಿಕ್ಸ್ ಇರಲಿ ಬಿಡಲಿ ಅಲ್ಲಿ ಕಲಿಕೆ ನಿಲ್ಲುವುದಿಲ್ಲ.

ಹೊಳೆದಂಡೆ:
ಕಿಯುನಾ ಗೆದ್ದ ದಿನದ ಒಂದು ವಿಷಯ ಯಾರೂ ಹೇಳಲಿಲ್ಲ. ಅಂಕ ಬಂದ ಮೇಲೆ ಕುಣಿಯಲಿಲ್ಲ. ಮತ್ತೆ ಮ್ಯಾಟ್ ಮೇಲೆ ಹೋಗಿ ಮಂಡಿಯೂರಿ ಕೂತು ಹಣೆ ಬಾಗಿಸಿದ. ಪದಕದ ವೇದಿಕೆಗೆ ಅಮ್ಮನ ಫೋಟೊ ಹಿಡಿದುಕೊಂಡು ಬಂದ. ಅಮ್ಮ 2019ರಲ್ಲಿ ತೀರಿಕೊಂಡಿದ್ದರು. ಇದನ್ನು ಕೋಚ್ ಹೇಳಿಕೊಟ್ಟಿದ್ದಾರೋ ಇಲ್ಲವೋ ಗೊತ್ತಿಲ್ಲ, ಆದರೆ ಹೀಗೆ ನಡೆದುಕೊಳ್ಳುವವನನ್ನು ಬೆಳೆಸಿದ್ದಾರೆ.

ಬನಶಂಕರಿ ಅಮ್ಮ:
ಅದನ್ನು ನೋಡಿ ನಾನು ಅತ್ತಿದ್ದೆ. ಸಾಂಡ್ರಾ ಸಾಂಚೆಜ್ ಬಗ್ಗೆಯೂ ಹೇಳಿ ಯಾರಾದರೂ. ಆಕೆಗೂ ಅಮ್ಮನ ಕಥೆ ಇದೆ ಅಂತ ಕೇಳಿದ್ದೆ.

ಲೆಕ್ಕದ ಮೇಷ್ಟ್ರು:
ಹೌದು. ಅಮ್ಮನಿಗೆ ಕ್ಯಾನ್ಸರ್ ಆದಾಗ ನೋಡಿಕೊಳ್ಳಲು ತನ್ನ ಊರು ತಲವೇರಾ ದೆ ಲಾ ರೆಯ್ನಾಗೆ ವಾಪಸ್ ಹೋದವರು. ಸ್ಪೇನ್ ತಂಡದಲ್ಲಿ ಗಟ್ಟಿಯಾಗಿ ನೆಲೆಯಾಗಿದ್ದೇ 30 ದಾಟಿದ ಮೇಲೆ. ಒಲಿಂಪಿಕ್ಸ್ ಚಿನ್ನ ಗೆದ್ದಾಗ 39 ವರ್ಷ. ಸಾಕುಮೊತೊ ವಯಸ್ಸಿನ ಲೆಕ್ಕಕ್ಕೆ ಹತ್ತಿರವೇ ಇದೆ ನೋಡಿ.

ಕುಮಿಟೆ ಹುಡುಗ:
ಕುಮಿಟೆಯಿಂದ ಕೋಚ್ ಆದವರ ಹೆಸರೂ ಒಂದು ಇರಲಿ. ಇಂಗ್ಲೆಂಡ್‌ನ ವೇಯ್ನ್ ಒಟ್ಟೊ. 90ರ ದಶಕದ ವಿಶ್ವ ಚಾಂಪಿಯನ್. ಆಮೇಲೆ ನಾರ್ವೆ ತಂಡಕ್ಕೆ ಕೋಚ್ ಆಗಿ ಹೋದರು. ತನ್ನ ದೇಶ ಬಿಟ್ಟು ಬೇರೆಯವರ ಮಕ್ಕಳನ್ನು ತಯಾರು ಮಾಡುವುದು ಸುಲಭ ಅಲ್ಲ. ಸಾಕುಮೊತೊ ತನ್ನ ಊರಿನಲ್ಲಿ, ತನ್ನ ಪರಂಪರೆಯಲ್ಲಿ ಕಲಿಸಿದರು. ಒಟ್ಟೊಗೆ ಆ ಅನುಕೂಲ ಇರಲಿಲ್ಲ. ಅದಕ್ಕೇ ನನ್ನ ಓಟು ಅವರಿಗೆ.

ಹೊಳೆದಂಡೆ:
ಇದು ಒಪ್ಪುವ ಮಾತು. ಒಟ್ಟೊ ಬಗ್ಗೆ ನೀವೇ ಒಂದು ಚರ್ಚೆ ಶುರು ಮಾಡಿ, ನಾನು ಬರುತ್ತೇನೆ.

ಬನಶಂಕರಿ ಅಮ್ಮ:
ಕೊನೆಯದಾಗಿ ಒಂದು ಸಹಾಯ. ಭಾನುವಾರ ಹೊಸ ಕ್ಲಾಸ್ ನೋಡಲು ಹೋಗುತ್ತಿದ್ದೇವೆ. ಏನೇನು ಕೇಳಲಿ?

ಕಪ್ಪುಪಟ್ಟಿ:
ಏನು ಗೆದ್ದಿದ್ದೀರಿ ಅಂತ ಕೇಳಬೇಡಿ, ಅದು ಗೋಡೆ ಮೇಲೇ ಇರುತ್ತದೆ. ಕ್ಲಾಸಿನಲ್ಲಿ ಅರ್ಧ ಗಂಟೆ ಸುಮ್ನೆ ಕೂತು ನೋಡಲು ಬಿಡುತ್ತೀರಾ ಅಂತ ಕೇಳಿ. ಬಿಡುವುದಿಲ್ಲ ಅಂದರೆ ಎದ್ದು ಬನ್ನಿ. ಬಿಟ್ಟರೆ ತೀರಾ ಹಿಂದೆ ಬಿದ್ದಿರುವ ಮಗುವನ್ನು ನೋಡಿ. ಕೋಚ್ ಆ ಮಗುವಿನ ಹತ್ತಿರ ಎಷ್ಟು ಸಲ ಹೋಗುತ್ತಾರೆ, ಏನು ಹೇಳುತ್ತಾರೆ ಅಂತ ಗಮನಿಸಿ. ಬೆಲ್ಟ್ ಪರೀಕ್ಷೆಯಲ್ಲಿ ಯಾರಾದರೂ ಫೇಲ್ ಆಗಿದ್ದಾರಾ ಅಂತಲೂ ಕೇಳಿ.

ವಸತಿ ಶಾಲೆ ಹಳೇ ವಿದ್ಯಾರ್ಥಿನಿ:
ಹೆಣ್ಣುಮಕ್ಕಳು ಎಷ್ಟು ಜನ ಇದ್ದಾರೆ, ದೊಡ್ಡ ಹುಡುಗಿಯರು ಉಳಿದಿದ್ದಾರಾ ನೋಡಿ. ಹೈಸ್ಕೂಲಿಗೆ ಬಂದ ಮೇಲೂ ಹುಡುಗಿಯರು ಬಿಡದೆ ಬರುತ್ತಿದ್ದರೆ ಅದು ಒಳ್ಳೇ ಕ್ಲಾಸ್.

ಮಂಡಿ ವೈದ್ಯೆ:
ನೆಲವನ್ನೂ ನೋಡಿ. ಸಿಮೆಂಟ್ ಮೇಲೆ ಬರಿಗಾಲಲ್ಲಿ ಹಾರಿಸುತ್ತಿದ್ದರೆ ಅಲ್ಲಿ ಬೇಡ ಅನ್ನಿ.